ನುಡಿಯದ ಅಕ್ಷರಗಳು

ಕನ್ನಡ ಶಾಲೆಯ ಮಕ್ಕಳು ಇಂಗ್ಲಿಷನ್ನು ಕಲಿಯತೊಡಗುವುದು ಹಾಡಿನ ಧಾಟಿಯಲ್ಲಿ. ‘ಸಿ-ಎ-ಟಿ ಕ್ಯಾಟ್, ಕ್ಯಾಟ್ ಎಂದರೆ ಬೆಕ್ಕು; ಡಿ-ಓ-ಜಿ ಡಾಗ್, ಡಾಗ್ ಎಂದರೆ ನಾಯಿ’ ಎಂದು ತರಗತಿಯೆಲ್ಲ ಒಕ್ಕೊರಲಿನಿಂದ ಹೇಳುತ್ತಿರುವಷ್ಟು ಕಾಲ ಯಾವ ತೊಡಕೂ ಇರುವುದಿಲ್ಲ. ತೊಡಕು ಮೊದಲಾಗುವುದು ‘ಕೆ-ಎನ್-ಐ-ಎಫ್-ಇ ನೈಫ್’ ಎಂಬಲ್ಲಿ. ಚಾಕುವಿನ ಮುಂದೆ ಈ ‘ಕೆ’ ಏಕೆ ನಿಂತಿದೆ? ‘ಅದು ಸೈಲೆಂಟ್, ಬರೆಯಬೇಕು, ಓದಬಾರದು’ ಎಂಬ ಉತ್ತರ ಬರುತ್ತದೆ. ಓದಬಾರದ ಅಕ್ಷರವನ್ನು ಬರೆಯುವುದಾದರೂ ಏತಕ್ಕೆ ಎಂದು ಮತ್ತೆ ಕೇಳುವ ಧೈರ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರವುಂಟು. ಅದು ಸ್ವಲ್ಪ ದೀರ್ಘವಾದುದು, ಸ್ವಾರಸ್ಯವಾದುದೂ ಹೌದು.

ನುಡಿದಂತೆ ಬರೆಯುವುದು, ಬರೆದಂತೆ ಓದುವುದು ನಮ್ಮ ಅಭ್ಯಾಸ. ಕಾಗುಣಿತವನ್ನು ಒಮ್ಮೆ ಚೆನ್ನಾಗಿ ಕಲಿತ ಹುಡುಗನು ತಾನು ಎಂದೂ ಕಾಣದ ಕನ್ನಡ ಪದವನ್ನು ಕೂಡ ಕೇಳಿದೊಡನೆ ಬರೆಯಬಲ್ಲನು. ಅದೇ ಹುಡುಗನು ಸಾಲ ಎಂಬ ಅರ್ಥದ ‘ಡೆಟ್’ ಪದವನ್ನು ಕೇಳಿ ‘ಡಿ-ಇ-ಟಿ’ ಎಂದು ಬರೆಯುತ್ತಾನೆ. ಕೆಂಪು ಶಾಯಿ ಅದರ ಮೇಲೆ ಹಾಯುತ್ತದೆ. ಟಿ ಅಕ್ಷರದ ಹಿಂದೆ ಒಂದು ‘ಬಿ’ ಇರಬೇಕಿತ್ತು! ಇಲ್ಲಿ ಹುಡುಗನ ಕಿವಿಯಲ್ಲಿ ದೋಷವಿಲ್ಲ, ಬುದ್ಧಿಯಲ್ಲಿಯೂ ದೋಷವಿಲ್ಲ. ಅವನಿಗೆ ತಿಳಿಯದಿರುವುದು ಆ ಪದದ ಚರಿತ್ರೆ. ಅದನ್ನು ಅವನಿಗೆ ಯಾರೂ ಹೇಳಿಯೇ ಇಲ್ಲ. ಇಂಥ ಕೆಂಪು ಗೆರೆಗಳು ನೂರಾರು ಸೇರಿದ ಮೇಲೆ ‘ಇಂಗ್ಲಿಷ್ ನನ್ನ ತಲೆಗೆ ಹತ್ತುವ ವಿದ್ಯೆಯಲ್ಲ’ ಎಂದು ಜಾಣರಾದ ಎಷ್ಟೋ ಮಕ್ಕಳು ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿಬಿಡುತ್ತಾರೆ. ಇಂಗ್ಲಿಷಿನಲ್ಲಿ ಇರುವ ಅಕ್ಷರಗಳು 26. ಅವು ಹೊರಬೇಕಾದ ಧ್ವನಿಗಳು ಸುಮಾರು 44. ಸ್ವರಾಕ್ಷರಗಳು ಐದೇ ಆದರೂ ಸ್ವರಧ್ವನಿಗಳು ಇಪ್ಪತ್ತರಷ್ಟಿವೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಮಕ್ಕಳೂ ಈ ಕಾಗುಣಿತದ ಮುಂದೆ ತಡವರಿಸುತ್ತಾರೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು.

ಭಾಷೆ ನಿಂತ ನೀರಲ್ಲ. ಜನರ ನಾಲಗೆಯ ಮೇಲೆ ಅದು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ. ಹತ್ತನೆಯ ಶತಮಾನದ ಪಂಪನ ಕನ್ನಡದಲ್ಲಿ ಇಂದಿನ ಹಾಲು ‘ಪಾಲ್’ ಆಗಿತ್ತು, ಹೂವು ‘ಪೂ’ ಆಗಿತ್ತು, ಹಳ್ಳಿ ‘ಪಳ್ಳಿ’ಯಾಗಿತ್ತು. ಕಾಲಕ್ರಮದಲ್ಲಿ ನಾಲಗೆಯ ಮೇಲಿನ ಪಕಾರ ಹಕಾರವಾದಾಗ ನಮ್ಮವರು ಬರವಣಿಗೆಯನ್ನೂ ಬದಲಾಯಿಸಿಕೊಂಡರು. ‘ೞ’ ಎಂಬ ಅಕ್ಷರದ ಕಥೆಯೂ ಇಂಥದೇ. ಆ ಧ್ವನಿಗೂ ಳಕಾರಕ್ಕೂ ಇದ್ದ ಅಂತರ ಮಸುಕಾಗುತ್ತಿದ್ದ ಕಾಲದಲ್ಲಿ, ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ೞಕಾರ ಬರುವ ಮಾತುಗಳನ್ನು ಎಣಿಸಿ ಹೇಳಬೇಕಾಯಿತು. ಸಾಮಾನ್ಯವಾಗಿ ತಪ್ಪುವ ಪದಗಳ ಪಟ್ಟಿ ಎಂದು ಇಂದಿನ ಪುಸ್ತಕಗಳಲ್ಲಿ ಕಾಣುವುದಕ್ಕೂ ಅದಕ್ಕೂ ಬಹಳ ದೂರವಿಲ್ಲ! ಮುಂದೆ ಕನ್ನಡಿಗರು ಆ ಅಕ್ಷರವನ್ನೇ ಬಿಟ್ಟುಕೊಟ್ಟರು; ‘ಕೋೞಿ’ ಕೋಳಿಯಾಯಿತು. ಹೀಗಲ್ಲದೆ ನಾವು ಇಂದಿಗೂ ‘ಪಾಲು’ ಎಂದು ಬರೆದು ‘ಹಾಲು’ ಎಂದು ಓದುತ್ತಿದ್ದೆವು ಎಂದು ಭಾವಿಸಿಕೊಳ್ಳಿ. ‘ಹಾಲು’ ಎಂದು ಬರೆದ ಮಗುವಿಗೆ ಆಗ ಅಂಕ ದೊರೆಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಆಗಿರುವುದು ಇದೇ. ನಾಲಗೆ ಮುಂದೆ ಹೋಗಿದೆ. ಲೇಖನಿ ಹಿಂದೆಯೇ ಉಳಿದಿದೆ.

ಹಾಗೆಂದು ನಮ್ಮ ಕನ್ನಡದಲ್ಲಿ ಈ ದೋಷವೇ ಇಲ್ಲವೆಂದು ಬೀಗಬೇಕಾಗಿಲ್ಲ. ‘ಚಿಹ್ನೆ’ ಎಂದು ಬರೆದು ನಾವು ‘ಚಿನ್ಹೆ’ ಎಂದು ಓದುತ್ತೇವೆ. ‘ಬ್ರಹ್ಮ’ ಎಂದು ಬರೆದು ‘ಬ್ರಮ್ಹ’ ಎನ್ನುತ್ತೇವೆ. ‘ಜ್ಞಾನ’ ಎಂಬಲ್ಲಿ ಜಕಾರವನ್ನು ಉಚ್ಚರಿಸುವವರು ಯಾರಿದ್ದಾರೆ?

ಈಗ ಚಾಕುವಿನ ‘ಕೆ’ಯನ್ನು ನೋಡೋಣ. 597ರಲ್ಲಿ ರೋಮಿನಿಂದ ಬಂದ ಕ್ರೈಸ್ತ ಧರ್ಮಪ್ರಚಾರಕರು ಇಂಗ್ಲೆಂಡಿನಲ್ಲಿ ರೋಮನ್ ಲಿಪಿಯ ಬರವಣಿಗೆಗೆ ತಳಹದಿ ಹಾಕಿದರು. ಹಳೆಯ ಕಾಲದ ಇಂಗ್ಲಿಷರು ‘ನೈಫ್’ ಎನ್ನುತ್ತಿರಲಿಲ್ಲ, ‘ಕ್ನೀಫ್’ ಎನ್ನುತ್ತಿದ್ದರು. ಮೊಣಕಾಲಿಗೆ ಹೇಳುವ ‘ನೀ’ ಎಂಬ ಪದದಲ್ಲಿಯೂ ಕಕಾರ ಕೇಳಿಸುತ್ತಿತ್ತು. ಇಂಗ್ಲಿಷಿಗೆ ಹತ್ತಿರದ ನಂಟಾದ ಜರ್ಮನ್ ಭಾಷೆಯವರು ಇಂದಿಗೂ ಅದನ್ನು ‘ಕ್ನೀ’ ಎಂದೇ ಉಚ್ಚರಿಸುತ್ತಾರೆ. ಸಂಸ್ಕೃತವೂ ಇಂಗ್ಲಿಷೂ ಒಂದೇ ಪ್ರಾಚೀನ ಭಾಷಾಕುಟುಂಬಕ್ಕೆ ಸೇರಿದವು. ಸಂಸ್ಕೃತಕ್ಕೂ ಯೂರೋಪಿನ ಪ್ರಾಚೀನ ಭಾಷೆಗಳಿಗೂ ಇರುವ ಈ ನಂಟನ್ನು 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸ್ ಎತ್ತಿ ತೋರಿಸಿದರು. ಆದುದರಿಂದ ಇಂಗ್ಲಿಷಿನಲ್ಲಿ ಮೂಕವಾಗಿರುವ ಎಷ್ಟೋ ಅಕ್ಷರಗಳ ಹಳೆಯ ದನಿಯನ್ನು ನಾವು ನಮ್ಮ ಮಾತುಗಳಲ್ಲಿಯೇ ಕೇಳಬಹುದು. ಆ ‘ಕ್ನೀ’ಗೆ ಸಂಸ್ಕೃತದ ಸೋದರ ‘ಜಾನು’. ಮೊಣಕಾಲು ಮುಟ್ಟುವಷ್ಟು ಉದ್ದನೆಯ ತೋಳುಳ್ಳವನೇ ಆಜಾನುಬಾಹು. ತಿಳಿ ಎಂಬ ಅರ್ಥದ ‘ನೋ’ ಪದವನ್ನು ಬರೆಯುವಾಗ ಮೊದಲಿಗೆ ಇಡುವ ‘ಕೆ’ ನಮ್ಮ ‘ಜ್ಞಾನ’ದ ಜಕಾರಕ್ಕೆ ಸಮನಾದುದು. ಇಂಗ್ಲಿಷರೂ ನಾವೂ ಒಂದೇ ಪದದ ಒಂದೇ ಜಾಗದಲ್ಲಿ ಒಂದು ವ್ಯಂಜನವನ್ನು ಬರೆಯುತ್ತೇವೆ, ಇಬ್ಬರೂ ಅದನ್ನು ಬರೆದಂತೆ ಓದುವುದಿಲ್ಲ!

‘ನೈಟ್’ ಎಂಬ ರಾತ್ರಿಯ ನಡುವೆ ಕುಳಿತಿರುವ ‘ಜಿ-ಎಚ್’ ಕೂಡ ಹಿಂದೆ ಮೂಕವಾಗಿರಲಿಲ್ಲ. ಗಂಟಲಿನಿಂದ ಹೊರಡುವ ಒಂದು ಉಸಿರಿನ ಧ್ವನಿಗೆ ಅದು ಗುರುತಾಗಿತ್ತು. ಪದವು ಸುಮಾರಾಗಿ ‘ನಿಖ್ಟ್’ ಎಂದು ಕೇಳಿಸುತ್ತಿತ್ತು. ಸಂಸ್ಕೃತದಲ್ಲಿ ರಾತ್ರಿಗೆ ‘ನಕ್ತ’ ಎಂಬ ಮಾತುಂಟು. ರಾತ್ರಿಯಲ್ಲಿ ಸಂಚರಿಸುವವನು ನಕ್ತಂಚರ. ಮಗಳು ಎಂಬ ಅರ್ಥದ ‘ಡಾಟರ್’ ಪದದಲ್ಲಿ ‘ಜಿ-ಎಚ್’ ಇರುವ ಜಾಗದಲ್ಲಿಯೇ ಸಂಸ್ಕೃತದ ‘ದುಹಿತೃ’ವಿನಲ್ಲಿ ಹಕಾರವಿದೆ. ‘ನಕ್ತ’ ‘ದುಹಿತೃ’ಗಳನ್ನು ನೆನೆದುಕೊಂಡವನು ಈ ಎರಡು ಪದಗಳಲ್ಲಿ ‘ಜಿ-ಎಚ್’ ಬರೆಯುವುದನ್ನು ಮರೆಯಲಾರನು.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದನು. ಅಲ್ಲಿಂದ ಮುಂದೆ ಬಹುಕಾಲ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ್ ಮೆರೆಯಿತು. ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರು ಇಂಗ್ಲಿಷ್ ಪದಗಳನ್ನು ತಮ್ಮ ರೂಢಿಯಂತೆ ಬರೆದರು. ರಾಣಿ ಎಂಬ ಅರ್ಥದ ‘ಕ್ವೀನ್’ ಅದುವರೆಗೆ ‘ಸಿ’ ‘ಡಬ್ಲ್ಯು’ ಹೊತ್ತುಕೊಂಡಿತ್ತು. ಇವರು ‘ಕ್ಯೂ’ ‘ಯು’ ತೊಡಿಸಿದರು. ಮತ್ತೊಂದು ತೊಂದರೆಯೂ ಇತ್ತು. ಆ ಕಾಲದ ಕೈಬರಹದಲ್ಲಿ ಎಂ, ಎನ್, ಯು, ವಿ ಇವೆಲ್ಲ ಒತ್ತೊತ್ತಾಗಿ ನಿಲ್ಲಿಸಿದ ಗಳುಗಳಂತೆ ಕಾಣುತ್ತಿದ್ದವು. ಒಂದರ ಪಕ್ಕದಲ್ಲೊಂದು ಬಂದರೆ ಯಾವುದು ಎಲ್ಲಿ ಮುಗಿಯಿತೆಂಬುದೇ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಅನುಕೂಲವಾಗಲೆಂದು ಲಿಪಿಕಾರರು ಅಂಥ ಕಡೆ ‘ಯು’ ಬದಲು ‘ಓ’ ಬರೆದರು. ಮಗ ಎಂಬ ‘ಸನ್’, ಪ್ರೀತಿ ಎಂಬ ‘ಲವ್’, ಬಾ ಎಂಬ ‘ಕಮ್’, ಅಚ್ಚರಿ ಎಂಬ ‘ವಂಡರ್’ ಇವುಗಳಲ್ಲಿ ಅಕಾರದ ಧ್ವನಿಗೆ ‘ಓ’ ಬಂದಿರುವುದು ಹೀಗೆ. ಸೂರ್ಯನೆಂಬ ‘ಸನ್’ ಮಾತ್ರ ‘ಯು’ವನ್ನು ಉಳಿಸಿಕೊಂಡಿತು.

ಎಲ್ಲಕ್ಕಿಂತ ದೊಡ್ಡ ಗೊಂದಲವನ್ನು ತಂದದ್ದು ಒಂದು ಮಹೋಪಕಾರ. ವಿಲಿಯಂ ಕ್ಯಾಕ್ಸ್‌ಟನ್ ಎಂಬ ವರ್ತಕನು ಯೂರೋಪಿನಲ್ಲಿ ಮುದ್ರಣಕಲೆಯನ್ನು ಕಲಿತು, 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟವನ್ನು ಸ್ಥಾಪಿಸಿದನು. ಅವನ ಮುಂದಿದ್ದ ಕಷ್ಟ ಸಾಮಾನ್ಯವಾದುದಲ್ಲ. ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯ ಇಂಗ್ಲಿಷ್. ಒಂದೇ ಪದಕ್ಕೆ ಹಲವು ಬರಹ. 1490ರಲ್ಲಿ ಪ್ರಕಟಿಸಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಅವನೊಂದು ಪ್ರಸಂಗವನ್ನು ಹೇಳಿದ್ದಾನೆ. ಹಡಗಿನಲ್ಲಿ ಹೊರಟಿದ್ದ ಕೆಲವು ವರ್ತಕರು ಗಾಳಿಯಿಲ್ಲದೆ ದಡದಲ್ಲಿ ತಂಗಬೇಕಾಯಿತು. ಅವರಲ್ಲೊಬ್ಬನು ಒಂದು ಮನೆಗೆ ಹೋಗಿ ‘ಎಗ್ಸ್’ ಬೇಕೆಂದು ಕೇಳಿದನು. ಮನೆಯೊಡತಿ ತನಗೆ ಫ್ರೆಂಚ್ ಬರುವುದಿಲ್ಲವೆಂದಳು. ತನಗೂ ಫ್ರೆಂಚ್ ಬಾರದ ಆ ವರ್ತಕನಿಗೆ ಸಿಟ್ಟು ಬಂದಿತು. ಕೊನೆಗೆ ಮತ್ತೊಬ್ಬನು ‘ಐರೆನ್’ ಎಂದಾಗ ಆಕೆಗೆ ಮೊಟ್ಟೆ ಎಂದು ಅರ್ಥವಾಯಿತು. ಎರಡೂ ಇಂಗ್ಲಿಷ್ ಪದಗಳೇ! ಇವುಗಳಲ್ಲಿ ಯಾವುದನ್ನು ಅಚ್ಚು ಮಾಡುವುದು ಎಂಬುದು ಕ್ಯಾಕ್ಸ್‌ಟನ್ನನ ಚಿಂತೆ. ಅವನೂ ಅವನ ಅನಂತರದ ಮುದ್ರಕರೂ ಯಾವುದೋ ಒಂದನ್ನು ಆರಿಸಿಕೊಂಡು ಮೊಳೆ ಜೋಡಿಸುತ್ತ ಹೋದರು. ಅಚ್ಚಾದುದು ಕ್ರಮೇಣ ಸ್ಥಿರವಾಯಿತು.

ಬರಹ ಹೀಗೆ ಸ್ಥಿರವಾಗುತ್ತಿದ್ದ ಕಾಲದಲ್ಲಿಯೇ ಉಚ್ಚಾರಣೆ ತಲೆಕೆಳಗಾಗುತ್ತಿತ್ತು. ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ತಮ್ಮ ಜಾಗದಿಂದ ಸರಿದವು. ಹೆಸರು ಎಂಬ ಅರ್ಥದ ‘ನೇಮ್’ ಪದವನ್ನು ತೆಗೆದುಕೊಳ್ಳಿ. ಎನ್-ಎ-ಎಂ-ಇ. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲಕ್ಕೆ ಇದರ ಉಚ್ಚಾರಣೆ ಹೆಚ್ಚುಕಡಿಮೆ ನಮ್ಮ ‘ನಾಮ’ದಂತೆಯೇ ಇತ್ತು. ಅಕ್ಷರಗಳನ್ನು ಒಂದೊಂದಾಗಿ ಓದಿ ನೋಡಿದರೆ ಆ ‘ನಾಮ’ ಈಗಲೂ ಕಾಣಿಸುತ್ತದೆ. ಕಾಲ ಎಂಬ ‘ಟೈಮ್’ ಆಗ ‘ಟೀಮ’ ಆಗಿತ್ತು. ಇಲಿ ಎಂಬ ‘ಮೌಸ್’ ಆಗ ‘ಮೂಸ್’; ಗಣಪತಿಯ ವಾಹನವಾದ ಮೂಷಕನ ನೆನಪು ಇಲ್ಲಿ ತಾನಾಗಿಯೇ ಬರುತ್ತದೆ, ಏಕೆಂದರೆ ಅವೆರಡೂ ಒಂದೇ ಮೂಲದವು. ಎರಡು ‘ಇ’ ಬರೆದು ‘ಈ’ ಎಂದು ಓದುವುದೇಕೆ? ಎರಡು ‘ಓ’ ಬರೆದು ‘ಊ’ ಎಂದು ಓದುವುದೇಕೆ? ಪಾದಗಳೆಂಬ ‘ಫೀಟ್’ ಆಗ ‘ಫೇಟ್’ ಆಗಿತ್ತು, ಆಹಾರವೆಂಬ ‘ಫೂಡ್’ ಆಗ ‘ಫೋಡ್’ ಆಗಿತ್ತು. ಏಕಾರಕ್ಕೆ ಎರಡು ‘ಇ’, ಓಕಾರಕ್ಕೆ ಎರಡು ‘ಓ’ ಎಂಬುದು ಆ ದಿನಗಳಲ್ಲಿ ನ್ಯಾಯವಾಗಿಯೇ ಇತ್ತು. ಧ್ವನಿ ಸರಿದುಹೋಯಿತು, ಮೊಳೆಗಳು ಸರಿಯಲಿಲ್ಲ.

ಇನ್ನು ‘ಡೆಟ್’ ಪದದ ‘ಬಿ’. ಇದು ಹಿಂದೆಂದೋ ನುಡಿಯುತ್ತಿದ್ದು ಈಗ ಮೂಕವಾದ ಅಕ್ಷರವಲ್ಲ; ಇಂಗ್ಲಿಷಿನಲ್ಲಿ ಇದು ಎಂದೂ ನುಡಿಯಲೇ ಇಲ್ಲ. ಫ್ರೆಂಚಿನಿಂದ ಬಂದಾಗ ಆ ಪದದಲ್ಲಿ ‘ಬಿ’ ಇರಲಿಲ್ಲ. ಲ್ಯಾಟಿನ್ ವಿದ್ಯೆಯ ಮೋಹ ಹೆಚ್ಚಾದ ಕಾಲದಲ್ಲಿ ಪಂಡಿತರು ಆ ಪದದ ಮೂಲ ಲ್ಯಾಟಿನ್ನಿನ ‘ಡೆಬಿಟುಂ’ ಎಂದು ತೋರಿಸುವ ಹುಮ್ಮಸ್ಸಿನಿಂದ ‘ಬಿ’ಯನ್ನು ಹೊಸದಾಗಿ ತುರುಕಿದರು. ಸಂದೇಹವೆಂಬ ‘ಡೌಟ್’ ಪದಕ್ಕೂ ಇದೇ ಗತಿಯಾಯಿತು. 1598ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಹಾಲೋಫರ್ನಿಸ್ ಎಂಬ ಉಪಾಧ್ಯಾಯನೊಬ್ಬನಿದ್ದಾನೆ. ಈ ಪದಗಳಲ್ಲಿ ‘ಬಿ’ಯನ್ನು ಉಚ್ಚರಿಸದವರ ಮೇಲೆ ಅವನು ಕಿಡಿಕಾರುತ್ತಾನೆ. ಷೇಕ್ಸ್‌ಪಿಯರನು ಅವನನ್ನು ನಗೆಗೀಡುಮಾಡಿದ್ದಾನೆ. ನಗೆ ಉಳಿಯಿತು, ‘ಬಿ’ಯೂ ಉಳಿಯಿತು. ಇದಾದರೂ ನಿಜವಾದ ಮೂಲವನ್ನು ಆಧರಿಸಿದ ಪಾಂಡಿತ್ಯ. ದ್ವೀಪವೆಂಬ ‘ಐಲೆಂಡ್’ ಪದದ ‘ಎಸ್’ ಬರಿಯ ಭ್ರಮೆಯ ಫಲ. ಅದು ಅಪ್ಪಟ ಹಳೆಯ ಇಂಗ್ಲಿಷ್ ಪದ; ಫ್ರೆಂಚಿನಿಂದ ಬಂದ ‘ಐಲ್’ ಎಂಬ ಬೇರೊಂದು ಪದದ ಸಂಬಂಧಿಯೆಂದು ತಪ್ಪಾಗಿ ತಿಳಿದು ಅದಕ್ಕೂ ‘ಎಸ್’ ಸೇರಿಸಿದರು. ‘ವುಡ್’, ‘ಶುಡ್’ ಎಂಬ ಕ್ರಿಯಾಪದಗಳಲ್ಲಿ ‘ಎಲ್’ ಇರುವುದನ್ನು ನೋಡಿ ಎಂದೂ ‘ಎಲ್’ ಇಲ್ಲದ ‘ಕುಡ್’ ಎಂಬುದಕ್ಕೂ ಒಂದನ್ನು ಅಂಟಿಸಿದರು. ಇಂದು ವಿದ್ಯಾರ್ಥಿಯು ಬಿಟ್ಟರೆ ತಪ್ಪೆನಿಸುವ ಅಕ್ಷರವು ಅಂದು ವಿದ್ವಾಂಸರು ಸೇರಿಸಿದ ತಪ್ಪು.

ವಾರದ ಹೆಸರೊಂದನ್ನು ಇಲ್ಲಿಯೇ ಹೇಳಿಬಿಡಬಹುದು. ‘ವೆನ್ಸ್‌ಡೇ’ ಎಂದು ಓದುವ ಪದದ ನಡುವೆ ‘ಡಿ’ ಏಕೆ? ಅದು ‘ವೋಡನ್’ ಎಂಬ ಹಳೆಯ ದೇವತೆಯ ದಿನ. ರೋಮನರ ಮರ್ಕ್ಯುರಿಯ ದಿನವನ್ನು ಆ ಜನರು ತಮ್ಮ ವೋಡನ್ನನಿಗೆ ಒಪ್ಪಿಸಿದರು. ಮರ್ಕ್ಯುರಿ ಎಂಬ ಗ್ರಹವೇ ನಮ್ಮ ಬುಧ. ಆದುದರಿಂದಲೇ ನಮ್ಮದು ಬುಧವಾರ.

ಚರಿತ್ರೆಯನ್ನು ತಿಳಿದ ಮಾತ್ರಕ್ಕೆ ಪರೀಕ್ಷೆಯಲ್ಲಿ ಬರೆಯಲು ಬಂದೀತೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂಗ್ಲಿಷಿನಲ್ಲಿಯೂ ನಿಯಮಗಳಿವೆ; ಕನ್ನಡ ವ್ಯಾಕರಣವನ್ನು ಓದಿದವರಿಗೆ ಅವು ಹೊಸವೇನಲ್ಲ. ಲೋಪ, ಆಗಮ, ಆದೇಶ ಎಂಬ ಸಂಧಿಗಳನ್ನು ನೀವು ಬಲ್ಲಿರಿ. ಊರು, ಅಲ್ಲಿ ಸೇರಿ ‘ಊರಲ್ಲಿ’ ಆದಾಗ ಒಂದು ಸ್ವರ ಹೋಗುತ್ತದೆ. ಮನೆ, ಅಲ್ಲಿ ಸೇರಿ ‘ಮನೆಯಲ್ಲಿ’ ಆದಾಗ ಯಕಾರ ಹೊಸದಾಗಿ ಬರುತ್ತದೆ. ಮಳೆ, ಕಾಲ ಸೇರಿ ‘ಮಳೆಗಾಲ’ ಆದಾಗ ಕಕಾರದ ಜಾಗಕ್ಕೆ ಗಕಾರ ಬರುತ್ತದೆ. ಇಂಗ್ಲಿಷಿನಲ್ಲಿ ಪದಕ್ಕೆ ಪ್ರತ್ಯಯ ಹತ್ತುವಾಗಲೂ ಈ ಮೂರು ಬಗೆಯ ಮಾರ್ಪಾಡುಗಳು ಕಾಣುತ್ತವೆ.

‘ನೇಮ್’ ಪದದ ಕೊನೆಯ ‘ಇ’ ಮೂಕವಾದ ಮೇಲೆ ಅದಕ್ಕೆ ಒಂದು ಹೊಸ ಉದ್ಯೋಗ ಸಿಕ್ಕಿತು. ತಾನು ನುಡಿಯದೆ, ಹಿಂದಿನ ಸ್ವರ ದೀರ್ಘವೆಂದು ಸೂಚಿಸುವುದೇ ಆ ಉದ್ಯೋಗ. ಕುಪ್ಪಳಿಸು ಎಂಬ ‘ಹಾಪ್’ ಪದಕ್ಕೆ ಕೊನೆಯ ‘ಇ’ ಇಲ್ಲ. ಆಶಿಸು ಎಂಬ ‘ಹೋಪ್’ ಪದಕ್ಕೆ ಇದೆ. ಈಗ ಎರಡಕ್ಕೂ ‘ಇಂಗ್’ ಪ್ರತ್ಯಯವನ್ನು ಹಚ್ಚಿ. ಆಶಿಸುವುದರಲ್ಲಿ ‘ಇ’ ಲೋಪವಾಗುತ್ತದೆ. ಪ್ರತ್ಯಯದ ಸ್ವರವೇ ಅದರ ಕೆಲಸವನ್ನು ವಹಿಸಿಕೊಳ್ಳುವುದರಿಂದ ‘ಪಿ’ ಒಂದೇ ಸಾಕು. ಕುಪ್ಪಳಿಸುವುದರಲ್ಲಿ ಮಾತ್ರ ಇನ್ನೊಂದು ‘ಪಿ’ ಆಗಮವಾಗಬೇಕು. ಇಲ್ಲದಿದ್ದರೆ ಕುಪ್ಪಳಿಸುವವನು ಆಶಿಸುವವನಾಗಿಬಿಡುತ್ತಾನೆ. ಇಮ್ಮಡಿ ವ್ಯಂಜನವು ಹಿಂದಿನ ಹ್ರಸ್ವಸ್ವರಕ್ಕೆ ಕಟ್ಟಿದ ಬೇಲಿ. ‘ರೈಟಿಂಗ್’ ಎಂಬಲ್ಲಿ ಒಂದೇ ‘ಟಿ’, ‘ರಿಟನ್’ ಎಂಬಲ್ಲಿ ಎರಡು ‘ಟಿ’ ಏಕೆಂಬುದು ಇದರಿಂದ ತಿಳಿಯುತ್ತದೆ. ಪದ ಉದ್ದವಾಗಿದ್ದರೆ ಒತ್ತು ಎಲ್ಲಿ ಬೀಳುತ್ತದೆಂದು ಕೇಳಿಸಿಕೊಳ್ಳಬೇಕು. ‘ಬಿಗಿನ್’ ಪದದಲ್ಲಿ ಒತ್ತು ಕೊನೆಗೆ; ಆದುದರಿಂದ ‘ಬಿಗಿನಿಂಗ್’ ಎಂಬುದಕ್ಕೆ ಎರಡು ‘ಎನ್’. ‘ಓಪನ್’ ಪದದಲ್ಲಿ ಒತ್ತು ಮೊದಲಿಗೆ. ಆದುದರಿಂದ ‘ಓಪನಿಂಗ್’ ಎಂಬುದಕ್ಕೆ ಒಂದೇ. ಹೀಗೆಯೇ ಸಂಭವಿಸಿತು ಎಂಬ ‘ಅಕರ್ಡ್’ ಪದಕ್ಕೆ ಎರಡು ‘ಆರ್’ ಬೇಕು, ನೀಡಿದನು ಎಂಬ ‘ಆಫರ್ಡ್’ ಪದಕ್ಕೆ ಬೇಡ. ಬ್ರಿಟಿಷರು ‘ಟ್ರಾವೆಲ್ಡ್’ ಎಂಬಲ್ಲಿ ಈ ನಿಯಮವನ್ನು ಮೀರಿ ಎರಡು ‘ಎಲ್’ ಬರೆಯುತ್ತಾರೆ, ಅಮೆರಿಕನ್ನರು ಮೀರುವುದಿಲ್ಲ.

ವ್ಯಂಜನದಿಂದ ಮೊದಲಾಗುವ ಪ್ರತ್ಯಯದ ಮುಂದೆ ‘ಇ’ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ‘ಟ್ರೂಲಿ’, ‘ಆರ್ಗ್ಯುಮೆಂಟ್’ ಪದಗಳಲ್ಲಿ ಉಳಿಯುವುದಿಲ್ಲ. ‘ನೈಂಥ್’ ಎಂಬಲ್ಲಿಯೂ ಉಳಿಯುವುದಿಲ್ಲ. ತೊಂಬತ್ತು ಎಂಬ ‘ನೈಂಟಿ’ಯಲ್ಲಿ ಉಳಿಯುತ್ತದೆ! ಒಂಬತ್ತನೆಯ ತರಗತಿಯವರು ತಮ್ಮ ತರಗತಿಯ ಹೆಸರಿನಲ್ಲಿಯೇ ‘ಇ’ ಸೇರಿಸಿ ಪುಸ್ತಕದ ರಟ್ಟಿನ ಮೇಲೆ ಬರೆದಿರುವುದು ಅಪರೂಪವಲ್ಲ. ಆದೇಶಕ್ಕೆ ಉದಾಹರಣೆ ‘ಹ್ಯಾಪಿ’, ‘ಬಿಜಿ’ ಪದಗಳು. ‘ನೆಸ್’ ಹತ್ತಿದಾಗ ‘ವೈ’ ಹೋಗಿ ‘ಐ’ ಬರುತ್ತದೆ. ಬಿಡುವಿಲ್ಲದಿರುವಿಕೆಯೇ ‘ಬಿಜ್‌ನೆಸ್’ ಎಂದು ತಿಳಿದವರು ಅದರ ನಡುವಿನ ‘ಐ’ಯನ್ನು ಬಿಡುವುದಿಲ್ಲ.

‘ಸಿ ಅಕ್ಷರದ ಮುಂದಲ್ಲದೆ ಐ ಮೊದಲು, ಇ ಆಮೇಲೆ’ ಎಂಬ ಸೂತ್ರವನ್ನು ಎಲ್ಲ ಶಾಲೆಗಳಲ್ಲಿಯೂ ಹೇಳಿಕೊಡುತ್ತಾರೆ. ಧ್ವನಿ ‘ಈ’ ಎಂದಿದ್ದರೆ ಮಾತ್ರ ಎಂಬ ಮುಖ್ಯವಾದ ಷರತ್ತನ್ನು ಬಿಟ್ಟುಬಿಡುತ್ತಾರೆ. ‘ಬಿಲೀವ್’, ‘ಪೀಸ್’, ‘ಚೀಫ್’ ಒಂದು ಕಡೆ. ‘ರಿಸೀವ್’, ‘ಡಿಸೀವ್’, ‘ಸೀಲಿಂಗ್’ ಮತ್ತೊಂದು ಕಡೆ. ತೂಕವೆಂಬ ‘ವೇಟ್’, ಎತ್ತರವೆಂಬ ‘ಹೈಟ್’ ಈ ಸೂತ್ರದ ವ್ಯಾಪ್ತಿಗೆ ಬರುವುದಿಲ್ಲ. ‘ಸೀಜ್’, ‘ಪ್ರೋಟೀನ್’, ‘ಸ್ಪೀಷೀಸ್’ ಮೊದಲಾದ ಕೆಲವು ಪದಗಳು ಷರತ್ತನ್ನೂ ಮುರಿಯುತ್ತವೆ. ಅವನ್ನು ಬಾಯಿಪಾಠ ಮಾಡದೆ ಗತ್ಯಂತರವಿಲ್ಲ.

ವಿದ್ಯಾರ್ಥಿಗಳನ್ನು ಅತಿಯಾಗಿ ಕಾಡುವುದು ಇಮ್ಮಡಿ ವ್ಯಂಜನಗಳು. ಇಲ್ಲಿ ನಮಗೆ ನೆರವಾಗುವುದು ಸಂಸ್ಕೃತ ಸಂಧಿ. ಉತ್, ಲೇಖ ಸೇರಿದರೆ ‘ಉಲ್ಲೇಖ’. ತಕಾರವು ಮುಂದಿನ ಲಕಾರವನ್ನು ಕಂಡು ತಾನೂ ಲಕಾರವಾಯಿತು. ಸತ್, ಜನ ಸೇರಿದರೆ ‘ಸಜ್ಜನ’. ಲ್ಯಾಟಿನ್ನಿನಲ್ಲಿಯೂ ಇದೇ ನಡೆಯಿತು. ಅಲ್ಲ ಎಂಬ ಅರ್ಥದ ‘ಇನ್’ ಉಪಸರ್ಗವು ‘ಲೀಗಲ್’ ಎಂಬುದರ ಮುಂದೆ ಬಂದಾಗ ‘ಎನ್’ ಹೋಗಿ ‘ಎಲ್’ ಆಯಿತು; ‘ಇಲ್ಲೀಗಲ್’ ಎಂಬುದರಲ್ಲಿ ಎರಡು ‘ಎಲ್’ ಬಂದದ್ದು ಹೀಗೆ. ‘ಇಮ್ಮಾರ್ಟಲ್’, ‘ಇರ‍್ರೆಗ್ಯುಲರ್’ ಪದಗಳೂ ಹಾಗೆಯೇ. ಕಡೆಗೆ ಎಂಬ ಅರ್ಥದ ‘ಅಡ್’ ಉಪಸರ್ಗವು ‘ಟೆಂಡ್’ ಮುಂದೆ ಟಕಾರವಾಗಿ ‘ಅಟೆಂಡ್’ ಆಯಿತು. ಇಂಗ್ಲಿಷ್ ಬರೆಯುವವರು ಹೆಚ್ಚಾಗಿ ತಪ್ಪುವ ಪದಗಳಲ್ಲಿ ಒಂದು ‘ಅಕಾಮೊಡೇಟ್’. ಇದರಲ್ಲಿ ಎರಡು ‘ಸಿ’, ಎರಡು ‘ಎಂ’. ‘ಅಡ್’ ಉಪಸರ್ಗದ ‘ಡಿ’ಯು ಮುಂದಿನ ಕಕಾರಕ್ಕೆ ಒಲಿದು ‘ಸಿ’ ಆಯಿತು. ಜೊತೆಗೂಡಿ ಎಂಬ ‘ಕಾಂ’ ಉಪಸರ್ಗದ ‘ಎಂ’ಗೂ ‘ಮೋಡುಸ್’ ಎಂಬ ಪದದ ‘ಎಂ’ಗೂ ಸೇರಿ ಎರಡಾದವು. ಪದವನ್ನು ಹೀಗೆ ಬಿಡಿಸಿ ನೋಡಿದವರಿಗೆ ಅಕ್ಷರಗಳನ್ನು ಎಣಿಸಿ ನೆನಪಿಡುವ ಕಷ್ಟ ತಪ್ಪುತ್ತದೆ. ಆದರೆ ಎಲ್ಲ ಉಪಸರ್ಗಗಳೂ ಹೀಗೆ ಬದಲಾಗುವುದಿಲ್ಲ. ‘ಡಿಸ್’ ಉಪಸರ್ಗವು ‘ಅಪಾಯಿಂಟ್’ ಮುಂದೆ ಹಾಗೆಯೇ ನಿಲ್ಲುತ್ತದೆ. ‘ಡಿಸಪಾಯಿಂಟ್’ ಪದಕ್ಕೆ ‘ಎಸ್’ ಒಂದೇ. ‘ಮಿಸ್’ ಉಪಸರ್ಗವು ‘ಸ್ಪೆಲ್’ ಮುಂದೆ ಬಂದರೆ ಎರಡು ‘ಎಸ್’ ಕಾಣುತ್ತವೆ. ಕಾಗುಣಿತವನ್ನು ತಪ್ಪುವುದು ಎಂಬ ಅರ್ಥದ ಆ ಪದವನ್ನೇ ಬಹಳ ಮಂದಿ ತಪ್ಪಾಗಿ ಬರೆಯುತ್ತಾರೆ!

ಒಂದು ಪದ ಬಾಯಿ ಬಿಡದಿದ್ದರೆ ಅದರ ಬಂಧುಗಳನ್ನು ವಿಚಾರಿಸಬೇಕು. ‘ಸೈನ್’ ಪದದ ಮೂಕವಾದ ‘ಜಿ’ಯು ‘ಸಿಗ್ನೇಚರ್’ ಪದದಲ್ಲಿ ಮಾತನಾಡುತ್ತದೆ. ‘ಬಾಂಬ್’ ಪದದ ಕೊನೆಯ ‘ಬಿ’ಯು ‘ಬಂಬಾರ್ಡ್’ ಎಂಬಲ್ಲಿ ಗರ್ಜಿಸುತ್ತದೆ. ‘ಗ್ರಾಮರ್’ ಪದದ ಕೊನೆಯಲ್ಲಿ ‘ಇ-ಆರ್’ ಬರೆಯುವವರು ‘ಗ್ರಮ್ಯಾಟಿಕಲ್’ ಎಂಬುದನ್ನು ಹೇಳಿ ನೋಡಿದರೆ ಅಲ್ಲಿ ಅಕಾರ ಸ್ಪಷ್ಟವಾಗುತ್ತದೆ. ‘ಡೆಫಿನಿಟ್’ ಎಂಬುದರ ಹೊಟ್ಟೆಯಲ್ಲಿ ‘ಫೈನೈಟ್’ ಇದೆ. ‘ಸೆಪರೇಟ್’ ಪದದ ನಡುವೆ ‘ಪಿ’ಯ ಮುಂದೆ ‘ಎ’ ಬರಬೇಕೋ ‘ಇ’ ಬರಬೇಕೋ ಎಂದು ಅನುಮಾನವಾದರೆ ‘ಪ್ರಿಪೇರ್’ ಎಂಬ ಅದರ ದಾಯಾದಿಯನ್ನು ನೆನೆಯಬೇಕು. ಎರಡರಲ್ಲಿಯೂ ಇರುವುದು ಅಣಿಮಾಡು ಎಂಬ ಅರ್ಥದ ಲ್ಯಾಟಿನ್ನಿನ ‘ಪರಾರೆ’. ಅಮೆರಿಕದಲ್ಲಿ 1925ರಿಂದ ಮಕ್ಕಳಿಗಾಗಿ ರಾಷ್ಟ್ರಮಟ್ಟದ ಕಾಗುಣಿತ ಸ್ಪರ್ಧೆಯೊಂದು ನಡೆದುಬಂದಿದೆ. 1985ರಲ್ಲಿ ಭಾರತೀಯ ಮೂಲದ ಬಾಲಕನೊಬ್ಬನು ಮೊದಲ ಬಾರಿಗೆ ಅದನ್ನು ಗೆದ್ದನು; ಆಮೇಲೆ ಅನೇಕರು ಗೆದ್ದಿದ್ದಾರೆ. ಕಠಿಣವಾದ ಪದ ಎದುರಾದಾಗ ಆ ಮಕ್ಕಳಿಗೆ ಕೆಲವು ಪ್ರಶ್ನೆಗಳನ್ನು ಕೇಳುವ ಅವಕಾಶವುಂಟು. ಅವುಗಳಲ್ಲೊಂದು, ಈ ಪದ ಯಾವ ಭಾಷೆಯಿಂದ ಬಂದುದು ಎಂಬುದು.

ಇಷ್ಟು ಕಷ್ಟದ ಬದಲು ಕಾಗುಣಿತವನ್ನೇ ತಿದ್ದಬಾರದೇಕೆ? ತಿದ್ದಲು ಹೊರಟವರು ಸಾಮಾನ್ಯರಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ 40,000ಕ್ಕೂ ಮೀರಿದ ಪದಗಳ ನಿಘಂಟನ್ನು ಹೊರತಂದಾಗ ಇದ್ದ ರೂಢಿಗೇ ಮುದ್ರೆಯೊತ್ತಿದನು. ‘ರಸೀಟ್’ ಎಂಬಲ್ಲಿ ಮೂಕವಾದ ‘ಪಿ’ಯನ್ನು ಉಳಿಸಿ, ಅದರ ಬಂಧುವೇ ಆದ ‘ಡಿಸೀಟ್’ ಎಂಬಲ್ಲಿ ಬಿಟ್ಟನು. ಇಂದಿಗೂ ಹಾಗೆಯೇ ಇದೆ. ಅಮೆರಿಕದ ನೋವಾ ವೆಬ್‌ಸ್ಟರ್ ಹೆಚ್ಚು ಧೈರ್ಯಶಾಲಿ. ಅವನ 1828ರ ನಿಘಂಟಿನ ಪ್ರಭಾವದಿಂದ ಬಣ್ಣವೆಂಬ ‘ಕಲರ್’ ಪದವು ಅಲ್ಲಿ ‘ಯು’ವನ್ನು ಕಳಚಿಕೊಂಡಿತು, ‘ಸೆಂಟರ್’ ತನ್ನ ಕೊನೆಯ ಎರಡು ಅಕ್ಷರಗಳನ್ನು ಅದಲುಬದಲು ಮಾಡಿಕೊಂಡಿತು. ಆದರೆ ನಾಲಗೆ ಎಂಬ ‘ಟಂಗ್’ ಪದವನ್ನು ಧ್ವನಿಗೆ ತಕ್ಕಂತೆ ಬರೆಯೋಣವೆಂದಾಗ ಅವನ ದೇಶದವರೇ ಒಪ್ಪಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ 300 ಪದಗಳ ಸರಳ ರೂಪಗಳನ್ನು ಸರ್ಕಾರಿ ಮುದ್ರಣಾಲಯದಲ್ಲಿ ಬಳಸುವಂತೆ ಆಜ್ಞೆ ಹೊರಡಿಸಿದರು. ಪತ್ರಿಕೆಗಳು ನಕ್ಕವು, ಶಾಸನಸಭೆ ವಿರೋಧಿಸಿತು, ಆಜ್ಞೆ ಹಿಂದಕ್ಕೆ ಹೋಯಿತು. 1950ರಲ್ಲಿ ತೀರಿಕೊಂಡ ನಾಟಕಕಾರ ಬರ್ನಾರ್ಡ್ ಷಾ ಹೊಸದೊಂದು ಲಿಪಿಗಾಗಿ ತಮ್ಮ ಮರಣಶಾಸನದಲ್ಲಿ ಹಣವನ್ನೇ ತೆಗೆದಿರಿಸಿದ್ದರು. 1962ರಲ್ಲಿ ಅವರ ಒಂದು ನಾಟಕ ಆ ಲಿಪಿಯಲ್ಲಿ ಅಚ್ಚಾಯಿತು. ಲಿಪಿ ಮಾತ್ರ ಬಳಕೆಗೆ ಬರಲಿಲ್ಲ.

ನಮ್ಮ ರಾಜ್ಯದಲ್ಲಿ 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಸೇರಿದಂತೆ 12 ಊರುಗಳ ಹೆಸರಿನ ಇಂಗ್ಲಿಷ್ ಬರಹ ಒಂದೇ ದಿನ ಬದಲಾಯಿತು. ಊರಿನ ಹೆಸರಿಗೆ ಆಜ್ಞೆ ಮಾಡಲು ಸರ್ಕಾರವಿದೆ. ಹಲವು ದೇಶಗಳಿಗೆ ಹರಡಿರುವ ಇಂಗ್ಲಿಷಿಗೆ ಅಂಥ ಒಡೆಯರು ಯಾರೂ ಇಲ್ಲ. ಧ್ವನಿಗೆ ತಕ್ಕಂತೆ ಬರೆಯಬೇಕೆಂದರೆ ಲಂಡನ್ನಿನವರ ಧ್ವನಿಯೋ, ಎಡಿನ್‌ಬರೋದವರದೋ, ನ್ಯೂಯಾರ್ಕಿನವರದೋ, ಧಾರವಾಡದವರದೋ? ‘ಸೈನ್’ ಪದದಿಂದ ‘ಜಿ’ಯನ್ನು ಕಿತ್ತರೆ ‘ಸಿಗ್ನೇಚರ್’ ಅದರ ಮಗಳೆಂದು ತಿಳಿಯುವುದು ಹೇಗೆ? ಗಣಕಯಂತ್ರವು ತಪ್ಪಿದ ಪದದ ಕೆಳಗೆ ಕೆಂಪು ಗೆರೆ ಎಳೆಯುವ ಈ ದಿನಗಳಲ್ಲಿ ತಿದ್ದುಪಡಿಯ ಕೂಗು ಇನ್ನೂ ಕ್ಷೀಣವಾಗಿದೆ. ಮಗನನ್ನು ಬರೆಯಬೇಕಾದಲ್ಲಿ ಸೂರ್ಯನನ್ನು ಬರೆದರೆ ಆ ಯಂತ್ರವೂ ಎಷ್ಟೋ ವೇಳೆ ಸುಮ್ಮನಿರುತ್ತದೆ ಎಂಬುದು ಬೇರೆ ಮಾತು.

ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ತಂದುಕೊಂಡಾಗ ನಮ್ಮ ಜನ ಮೂಕ ಅಕ್ಷರಗಳನ್ನು ಗಡಿಯಲ್ಲಿಯೇ ಬಿಟ್ಟು ಬಂದರು. ‘ಲೈಟು’ ಎಂಬಲ್ಲಿ ‘ಜಿ-ಎಚ್’ ಇಲ್ಲ, ‘ಗೇಟು’ ಎಂಬಲ್ಲಿ ಕೊನೆಯ ‘ಇ’ ಇಲ್ಲ. ಅದರ ಬದಲು ನಮ್ಮದೇ ಉಕಾರವಿದೆ. ಆದರೆ ಇವುಗಳನ್ನು ಬರೆಯುವುದರಲ್ಲಿ ನಾವು ಕ್ಯಾಕ್ಸ್‌ಟನ್ನನ ಅವಸ್ಥೆಯನ್ನು ಇನ್ನೂ ದಾಟಿಲ್ಲ. ಒಬ್ಬರು ‘ಇಂಗ್ಲಿಷ್’ ಎಂದು ಬರೆದರೆ ಮತ್ತೊಬ್ಬರು ‘ಇಂಗ್ಲೀಷ್’ ಎನ್ನುತ್ತಾರೆ. ‘ಆಫೀಸು’, ‘ಆಫಿಸು’, ‘ಆಪೀಸು’ ಮೂರೂ ಅಚ್ಚಿನಲ್ಲಿ ಕಾಣಸಿಗುತ್ತವೆ. ಇವುಗಳಲ್ಲಿ ಯಾವುದು ನಿಲ್ಲುವುದೆಂಬುದು ಇನ್ನೂ ತೀರ್ಮಾನವಾಗಿಲ್ಲ.